ಎಳೆದುಕೊಳ್ಳುವ ಉಸಿರು, ತಳ್ಳುವ ಉಸಿರು

ಕನ್ನಡದಲ್ಲಿ ನಾವು ಉಸಿರನ್ನು ಎಳೆದುಕೊಳ್ಳುತ್ತೇವೆ, ಆಮೇಲೆ ಬಿಡುತ್ತೇವೆ. ಗದಗ, ಧಾರವಾಡದ ಕಡೆಯವರಾದರೆ ಜಗ್ಗುತ್ತೇವೆ. ಒಳಗೆ ಹೋಗುವ ಉಸಿರಿಗೆ ಎಳೆಯುವ ಅರ್ಥದ ಕ್ರಿಯಾಪದ ಸಲೀಸಾಗಿ ಬಾಯಿಗೆ ಬರುತ್ತದೆ, ಅದರ ಬಾಲಕ್ಕೆ ಒಂದು 'ಕೊಳ್ಳು' ಸೇರಿಕೊಳ್ಳುತ್ತದೆ. ಬಡಿಸಿಕೊಳ್ಳು, ಬಾಚಿಕೊಳ್ಳು, ಎಳೆದುಕೊಳ್ಳು: ಮಾಡುವವರೂ ನಾವೇ, ಫಲವೂ ನಮಗೇ. ಎಂ.ಎ. ಓದುವಾಗ ಈ 'ಕೊಳ್ಳು' ಮೇಲೆ ಒಂದು ಸೆಮಿಸ್ಟರ್ ಪೂರ್ತಿ ಕೂತು ಪ್ರಬಂಧ ಬರೆದಿದ್ದೆ. ನೂರಾರು ಉದಾಹರಣೆ ಕೂಡಿಹಾಕಿದ್ದೆ, ಆದರೆ ಉಸಿರಿನದು ಅದರಲ್ಲಿ ಇರಲಿಲ್ಲ. ದಿನಕ್ಕೆ ಇಪ್ಪತ್ತು ಸಾವಿರ ಸಲ ಮಾಡುವ ಕೆಲಸ ಯಾರ ನೆನಪಿಗೆ ಬರುತ್ತದೆ?

ವೆಂಟಿಲೇಟರ್ ಉಸಿರನ್ನು ಎಳೆಯುವುದಿಲ್ಲ, ತಳ್ಳುತ್ತದೆ. 2020ರ ನಂತರ ಈ ಯಂತ್ರದ ಹೆಸರು ಕೇಳದ ಮನೆ ಇಲ್ಲ. ಅದು ಶ್ವಾಸಕೋಶಕ್ಕೆ ಗಾಳಿ ಕೊಡುವ ಯಂತ್ರ ಎನ್ನುವುದೂ ಎಲ್ಲರಿಗೆ ಗೊತ್ತು. ಅದು ಮೊದಲ ನಿಮಿಷದಿಂದಲೇ ಹೃದಯದ ಮೇಲೂ ಕೆಲಸ ಮಾಡುತ್ತದೆ ಎನ್ನುವುದು ಐಸಿಯು ಬಾಗಿಲ ಆಚೆಯವರಿಗೆ ಮಾತ್ರ ಗೊತ್ತಿರುವ ಸಂಗತಿ. ಬಾಗಿಲ ಈಚೆ ಕೂತವರಿಗೆ ಅದು ಬೇರೆ ರೂಪದಲ್ಲಿ ತಲುಪುತ್ತದೆ: ಪರದೆಯ ಮೇಲೆ ಇಳಿದ ಒಂದು ಸಂಖ್ಯೆಯಾಗಿ, ಒಂದು ಅನುಮಾನವಾಗಿ.

2022ರ ಮಳೆಗಾಲದಲ್ಲಿ ಪುಣೆಯಲ್ಲಿ ನನ್ನ ಕಾಕಾಗೆ ನ್ಯುಮೋನಿಯಾ ಆಯಿತು. ಅರವತ್ತೇಳು ವರ್ಷ, ಭೋಸರಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಏಳು ವರ್ಷದ ಹಿಂದೆ ಒಮ್ಮೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡಿದ್ದರು. ಆಗಿನಿಂದ ಹೃದಯದ ಎಡಭಾಗ ಸೊರಗಿತ್ತು. ಮಗ ಜರ್ಮನಿಯಲ್ಲಿ. ಕಾಕುಗೆ ಭಾಜಿ ಮಂಡಿಗೆ ಸಾಲುವಷ್ಟು ಮರಾಠಿ ಚೆನ್ನಾಗಿ ಬರುತ್ತದೆ, ಐಸಿಯುಗೆ ಸಾಲುವಷ್ಟಲ್ಲ. ಹಾಗಾಗಿ ಅದೇ ಊರಿನಲ್ಲಿ ಮನೆಯಲ್ಲೇ ಕೂತು ಅನುವಾದ ಮಾಡಿಕೊಂಡಿರುವ ನಾನು ಒಂಬತ್ತು ದಿನ ಆಸ್ಪತ್ರೆಯ ಮೂರನೇ ಮಹಡಿಯ ಕುರ್ಚಿಗಳ ಮೇಲೆ ಇದ್ದೆ.

ಎರಡನೇ ದಿನ ರಾತ್ರಿ ಕಾಕಾಗೆ ಉಸಿರು ಸಾಲದಾಯಿತು. ನಿಮಿಷಕ್ಕೆ ನಲವತ್ತು ಸಲ ಎದೆ ಏರಿಳಿಯುತ್ತಿತ್ತು. ವೆಂಟಿಲೇಟರ್ ಬೇಕು ಅಂದರು. ಕಾಕು ಸಹಿ ಹಾಕಿದರು. ಸಹಿ ಹಾಕುವಾಗ ಗಾಜಿನ ಆಚೆ ಪರದೆಯಲ್ಲಿ ಬಿಪಿ 130 ಇತ್ತು, ಅದನ್ನು ಅವರು ನೋಡಿದ್ದರು. ಒಂದು ಗಂಟೆಯ ನಂತರ ಒಳಗೆ ಬಿಟ್ಟಾಗ 82 ಇತ್ತು. ಕುತ್ತಿಗೆಯ ಹತ್ತಿರ ಹೊಸ ನಳಿಕೆ, ಅದಕ್ಕೆ ಜೋಡಿಸಿದ ಸಿರಿಂಜಿನಲ್ಲಿ ನಾರ್‌ಅಡ್ರೆನಲಿನ್. ಹೊರಗೆ ಬಂದು ಕಾಕು ನನ್ನ ಕೈ ಹಿಡಿದು ಕೇಳಿದರು: "ಮಿಷನ್ ಹಚ್ಚೂ ತನಕ ಬಿಪಿ ಚೊಲೋ ಇತ್ತಲ್ಲ ತಂಗಿ. ಹಚ್ಚಿದ ಮ್ಯಾಲೆ ಯಾಕ ಬಿತ್ತು? ಆ ಮಿಷನ್ನ ಅವರನ್ನ ತಿನ್ನಾಕ ಹತ್ತೈತೇನು? ಖರೇ ಹೇಳು."

ಅವರ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತು, ಅದನ್ನು ಅವರು ಕೇಳಲಿಲ್ಲ. ಸಹಿ ಹಾಕಿದ್ದು ಅವರು.

ನರ್ಸ್ ಕೊಟ್ಟ ಉತ್ತರ "ರೋಗ ಜೋರಾಗಿದೆ, ಹಾಗಾಗುತ್ತೆ" ಎನ್ನುವುದು. ಸುಳ್ಳಲ್ಲ, ಆದರೆ ಕೇಳಿದ್ದಕ್ಕೆ ಉತ್ತರವೂ ಅಲ್ಲ. ರಾತ್ರಿ ಪಾಳಿಯಲ್ಲಿದ್ದ ಐಸಿಯು ಡಾಕ್ಟರ್ ಚಿಕ್ಕ ವಯಸ್ಸಿನ ಮರಾಠಿ ಹೆಣ್ಣುಮಗಳು. ಆಕೆ ಮಾತ್ರ ಒಂದು ಕ್ಷಣ ಸುಮ್ಮನಿದ್ದು, "ಹೌದು, ಭಾಗಶಃ ಯಂತ್ರದಿಂದಲೇ" ಅಂದರು. ಆಮೇಲೆ ಒಂದು ಲ್ಯಾಬ್ ರಿಪೋರ್ಟಿನ ಹಿಂಬದಿಗೆ ಒಂದು ಡಬ್ಬ ಬರೆದು, ಅದರೊಳಗೆ ಎರಡು ಬಲೂನು, ನಡುವೆ ಒಂದು ಪಂಪು ಬರೆದರು. ಮುಂದಿನ ಹತ್ತು ನಿಮಿಷ ಅವರು ಮರಾಠಿ ಬೆರೆತ ಇಂಗ್ಲಿಷಿನಲ್ಲಿ, ನಾನು ಗದಗದ ಕನ್ನಡದಲ್ಲಿ.

ಮೊದಲ ವಾಕ್ಯದಲ್ಲೇ ತೊಡಕು ಶುರುವಾಯಿತು. ಅವರು ಹೇಳಿದ್ದು: ಎದೆಯೊಳಗಿನ ಪ್ರೆಷರ್ ಹೆಚ್ಚಾದಾಗ ಬ್ಲಡ್ ಪ್ರೆಷರ್ ಇಳಿಯುತ್ತದೆ. ಪುಸ್ತಕದ ಕನ್ನಡದಲ್ಲಿ ಅದು "ಒತ್ತಡ ಹೆಚ್ಚಾದರೆ ಒತ್ತಡ ಇಳಿಯುತ್ತದೆ" ಎಂದಾಗುತ್ತದೆ. ಗಾಳಿಗೂ ಒತ್ತಡ, ರಕ್ತಕ್ಕೂ ಒತ್ತಡ, ಮಗಳ ಪರೀಕ್ಷೆಗೂ ಒತ್ತಡ, ಆಫೀಸಿನ ಕೆಲಸಕ್ಕೂ ಒತ್ತಡ. ಈ ಪದ ಇಷ್ಟು ಭಾರ ಹೊತ್ತು ಸುಸ್ತಾಗಿದೆ. ಕಾಕುಗೆ ನಾನು ಆ ಪದವನ್ನೇ ಬಿಟ್ಟು ಹೇಳಿದೆ: ನಾವು ಜಗ್ಗತೀವಿ, ಮಿಷನ್ನು ನೂಕತದ.

ನಾವು ಉಸಿರು ಎಳೆದುಕೊಳ್ಳುವಾಗ ನಿಜವಾಗಿ ನಡೆಯುವುದು ಏನೆಂದರೆ, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ವಪೆ, ಕೆಳಗೆ ಇಳಿಯುತ್ತದೆ. ಪಕ್ಕೆಲುಬುಗಳು ಹಿಗ್ಗುತ್ತವೆ. ಎದೆಯ ಡಬ್ಬ ದೊಡ್ಡದಾಗಿ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ. ಆದರೆ ಆ ಡಬ್ಬದಲ್ಲಿ ಶ್ವಾಸಕೋಶ ಒಂದೇ ಇಲ್ಲ, ಹೃದಯವೂ ಇದೆ. ಎಳೆತ ಗಾಳಿಯನ್ನು ಮಾತ್ರ ಆರಿಸಿ ಎಳೆಯುವುದಿಲ್ಲ. ಕಾಲು, ಹೊಟ್ಟೆ, ಯಕೃತ್ತಿನಿಂದ ವಾಪಸ್ ಬರುತ್ತಿರುವ ರಕ್ತವನ್ನೂ ಎದೆಯ ಕಡೆ ಎಳೆಯುತ್ತದೆ. ಪ್ರತಿ ಉಸಿರಿನಲ್ಲೂ ಹೃದಯದ ಬಲಭಾಗಕ್ಕೆ ಒಂದಿಷ್ಟು ಹೆಚ್ಚು ರಕ್ತ ಬಂದು ಬೀಳುತ್ತದೆ. ಕನ್ನಡದ 'ಎದೆ' ಇಲ್ಲಿ ವೈದ್ಯರ ಇಂಗ್ಲಿಷಿಗಿಂತ ಮುಂದಿದೆ ಅಂತ ನನಗೆ ಅನ್ನಿಸಿದ್ದುಂಟು. ಎದೆ ಅಂದರೆ ಗೂಡೂ ಹೌದು, ಗೂಡಿನೊಳಗೆ ಬಡಿಯುವುದೂ ಹೌದು. ಎದೆ ಉಬ್ಬುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಮೊದಲನೆಯದು ಶ್ವಾಸಕೋಶದ ಕೆಲಸ, ಎರಡನೆಯದು ಹೃದಯದ್ದು. ಎರಡಕ್ಕೂ ಒಂದೇ ಪದ.

ರಕ್ತ ವಾಪಸ್ ಬರುವ ದಾರಿಯ ಇಳಿಜಾರು ಎಷ್ಟು ಸಣ್ಣದೆಂದು ತಿಳಿದ ಮೇಲೆ ನನಗೆ ಉಳಿದದ್ದೆಲ್ಲ ಅರ್ಥವಾಯಿತು. ಹೃದಯದಿಂದ ಹೊರಗೆ ಹೋಗುವ ರಕ್ತದ ಒತ್ತಡ ಪಾದರಸದ 120 ಮಿಲಿಮೀಟರ್ ಎಂದು ನಮಗೆಲ್ಲ ಗೊತ್ತು. ಮೈಯೆಲ್ಲ ಸುತ್ತಿ ವಾಪಸ್ ಹೊರಡುವ ಹೊತ್ತಿಗೆ ಅದನ್ನು ಹೃದಯದ ಕಡೆ ದೂಡುವ ಬಲ ಸುಮಾರು 7 ಮಿಲಿಮೀಟರ್ ಅಷ್ಟೇ. ಎದುರಿಗೆ, ಹೃದಯದ ಬಲ ಮೇಲುಕೋಣೆಯಲ್ಲಿ, ಸೊನ್ನೆಯ ಆಸುಪಾಸು. ಏಳರಿಂದ ಸೊನ್ನೆಗೆ ಇಳಿಯುವ ಈ ಸಣ್ಣ ಇಳಿಜಾರಿನಲ್ಲಿ ನಿಮಿಷಕ್ಕೆ ಐದು ಲೀಟರ್ ರಕ್ತ ಹರಿಯಬೇಕು. ಇದನ್ನು 1950ರ ದಶಕದಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ ಲೆಕ್ಕ ಹಾಕಿದವರು ಅಮೆರಿಕದ ಮಿಸಿಸಿಪಿಯ ಆರ್ಥರ್ ಗೈಟನ್. ನಿಮ್ಮ ಮನೆಯಲ್ಲಿ ಎಂಬಿಬಿಎಸ್ ಓದಿದವರಿದ್ದರೆ ಅವರ ಕಪಾಟಿನಲ್ಲಿ ಈತನ ದಪ್ಪ ಪುಸ್ತಕ ಇರುತ್ತದೆ. ಗೈಟನ್ ಶಸ್ತ್ರವೈದ್ಯರಾಗಬೇಕಿತ್ತು. 1946ರಲ್ಲಿ ಪೋಲಿಯೋ ತಗುಲಿ ಕೈಕಾಲು ಸೋತಿದ್ದರಿಂದ ಶರೀರಶಾಸ್ತ್ರಕ್ಕೆ ಬಂದರು.

ಪಾದರಸದ ಏಳು ಮಿಲಿಮೀಟರ್ ಅಂದರೆ ನೀರಿನ ಒಂಬತ್ತೂವರೆ ಸೆಂಟಿಮೀಟರ್. ವೆಂಟಿಲೇಟರಿನ ಪರದೆ ಮಾತಾಡುವುದು ನೀರಿನ ಸೆಂಟಿಮೀಟರ್‌ಗಳಲ್ಲಿ. ಉಸಿರು ಹೊರಗೆ ಬಿಟ್ಟಾಗಲೂ ಶ್ವಾಸಕೋಶ ಮುಚ್ಚಿಹೋಗದಂತೆ ಅದು ಐದೋ ಹತ್ತೋ ಸೆಂಟಿಮೀಟರ್ ಒತ್ತಡವನ್ನು ಒಳಗೇ ಉಳಿಸುತ್ತದೆ, ಒಳಗೆ ತಳ್ಳುವಾಗ ಇಪ್ಪತ್ತು ದಾಟಬಹುದು. ಅಷ್ಟೂ ಹೃದಯದವರೆಗೆ ತಲುಪುವುದಿಲ್ಲ. ಶ್ವಾಸಕೋಶ ಗಟ್ಟಿಯಾದಷ್ಟೂ ಒಳಗೆ ದಾಟುವ ಪಾಲು ಕಡಿಮೆ. ಆದರೂ ಎದುರುಬದುರಾಗಿ ನಿಂತ ಸಂಖ್ಯೆಗಳು ಒಂದೇ ಅಳತೆಯವು. ಸೊನ್ನೆಯಲ್ಲಿದ್ದ ಮೇಲುಕೋಣೆ ಮೂರು ನಾಲ್ಕಕ್ಕೆ ಏರಿದರೂ ಇಳಿಜಾರು ಅರ್ಧವಾಯಿತು. ಬಲಭಾಗಕ್ಕೆ ರಕ್ತ ಕಡಿಮೆ ಬಂತು, ಕೆಲವೇ ಬಡಿತಗಳ ನಂತರ ಎಡಭಾಗಕ್ಕೂ ಕಡಿಮೆ ಬಂತು, ಎಡಭಾಗ ಕಳಿಸಲು ಇದ್ದದ್ದೇ ಕಡಿಮೆಯಾಯಿತು. ಬಿಪಿ ಬಿತ್ತು.

ಮದುವೆಮನೆಯಲ್ಲಿ ಶಹನಾಯಿ ಊದುವವರ ಕುತ್ತಿಗೆ ನೋಡಿದ್ದೀರಲ್ಲ? ಉದ್ದ ಸ್ವರ ಹಿಡಿದಾಗ ನರಗಳು ಹಗ್ಗದಂತೆ ಉಬ್ಬುತ್ತವೆ. ಶಂಖ ಊದುವವರಿಗೂ ಹಾಗೆಯೇ. ತಲೆಯಿಂದ ಇಳಿದು ಎದೆಗೆ ಹೋಗಬೇಕಾದ ರಕ್ತ ಬಾಗಿಲಲ್ಲಿ ನಿಂತಿದೆ, ಒಳಗೆ ಜಾಗ ಕೊಡುತ್ತಿಲ್ಲ. ಆರೋಗ್ಯವಂತರ ಮೈ ಇದನ್ನು ಸಂಭಾಳಿಸುತ್ತದೆ: ರಕ್ತನಾಳಗಳು ಬಿಗಿಯಾಗಿ ಇಳಿಜಾರನ್ನು ಮತ್ತೆ ಎತ್ತಿಕೊಳ್ಳುತ್ತವೆ. ಕಾಕಾಗೆ ಆ ಶಕ್ತಿ ಇರಲಿಲ್ಲ. ಎರಡು ದಿನದಿಂದ ಊಟ ನೀರು ಸರಿಯಾಗಿ ಸೇರಿರಲಿಲ್ಲ, ಸೋಂಕಿನಿಂದ ರಕ್ತನಾಳಗಳು ಸಡಿಲವಾಗಿದ್ದವು. ಮೇಲಿಂದ ನಳಿಕೆ ಇಳಿಸಲು ಕೊಟ್ಟ ಮಂಪರಿನ ಔಷಧ ಉಳಿದ ಬಿಗಿಯನ್ನೂ ಬಿಡಿಸಿತು. ಡಾಕ್ಟರ್ ಇನ್ನೊಂದು ಮಾತು ಹೇಳಿದರು. ಮೊದಲಿದ್ದ 130 ಕೂಡ ನಂಬುವ ಸಂಖ್ಯೆಯಾಗಿರಲಿಲ್ಲ. ಉಸಿರಿಗಾಗಿ ಒದ್ದಾಡುವ ಮೈ ಅಡ್ರೆನಲಿನ್ ಸುರಿಸಿಕೊಂಡು ಎತ್ತಿ ಹಿಡಿದ ಸಂಖ್ಯೆ ಅದು. ಒದ್ದಾಟ ನಿಂತ ಕೂಡಲೇ ಅದೂ ಇಳಿಯಿತು.

ಅಂದರೆ ಕಾಕು ಕಂಡದ್ದು ಭ್ರಮೆಯಲ್ಲ. 2021ರಲ್ಲಿ ಪ್ರಕಟವಾದ, 29 ದೇಶಗಳ ಸುಮಾರು 3,000 ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನವಿದೆ. ತೀವ್ರ ಕಾಯಿಲೆಯವರಿಗೆ ಶ್ವಾಸನಾಳಕ್ಕೆ ನಳಿಕೆ ಇಳಿಸಿದ ಮೊದಲ ಅರ್ಧ ಗಂಟೆಯಲ್ಲಿ ಏನೇನಾಗುತ್ತದೆ ಎಂದು ಅದು ಲೆಕ್ಕ ಇಟ್ಟಿತು. ನೂರರಲ್ಲಿ 43 ಮಂದಿಗೆ ರಕ್ತ ಪರಿಚಲನೆ ಕುಸಿದಿತ್ತು: ಬಿಪಿ ತೀರಾ ಇಳಿಯಿತು, ಇಲ್ಲವೇ ಅದನ್ನು ಹಿಡಿದು ನಿಲ್ಲಿಸಲು ಹೊಸದಾಗಿ ಔಷಧ, ಸಲೈನ್ ಬೇಕಾಯಿತು. ಕಾಯಿಲೆ, ಮಂಪರು, ತಳ್ಳುವ ಗಾಳಿ ಮೂರೂ ಸೇರಿದ ಲೆಕ್ಕ ಇದು. ಹತ್ತು ಮನೆಗಳಲ್ಲಿ ನಾಲ್ಕು ಮನೆಯವರು ಕಾಕು ಕಂಡದ್ದನ್ನೇ ಕಾಣುತ್ತಾರೆ, ಹೆಚ್ಚಿನವರಿಗೆ ಅದನ್ನು ಯಾರೂ ಮೊದಲೇ ಹೇಳಿರುವುದಿಲ್ಲ.

ವೈದ್ಯಲೋಕಕ್ಕೆ ಇದು ಹೊಸದೂ ಅಲ್ಲ. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ ತನ್ನದೇ ತೋಳಿನ ನಾಳದಿಂದ ಹೃದಯದವರೆಗೆ ಒಂದು ತೆಳು ನಳಿಕೆ ತೂರಿಸಿ, ಹಾಗೇ ನಡೆದುಹೋಗಿ ಎಕ್ಸ್‌ರೇ ತೆಗೆಸಿಕೊಂಡ. ಆಗ ಬೈಸಿಕೊಂಡ. ಆ ನಳಿಕೆಯನ್ನು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಆಂದ್ರೆ ಕೂರ್ನಾನ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಅಳತೆಯ ಉಪಕರಣವಾಗಿಸಿದರು. ಮೂವರಿಗೂ 1956ರಲ್ಲಿ ನೊಬೆಲ್ ಬಂತು. ಕೂರ್ನಾನ್ ಮತ್ತು ಜೊತೆಗಾರರು 1948ರಲ್ಲಿ ಪ್ರಕಟಿಸಿದ ಒಂದು ಲೇಖನ ನೇರ ಇದೇ ಪ್ರಶ್ನೆಯದು: ಮುಖವಾಡದ ಮೂಲಕ ಗಾಳಿಯನ್ನು ಒತ್ತಿ ಕೊಟ್ಟರೆ ಹೃದಯ ಹೊರಹಾಕುವ ರಕ್ತ ಎಷ್ಟು ಇಳಿಯುತ್ತದೆ? ತಳ್ಳುವ ಹೊತ್ತು ಉದ್ದವಾದಷ್ಟೂ ಇಳಿತ ಹೆಚ್ಚು ಎಂದು ಅವರು ಕಂಡರು. ತಳ್ಳುವ ಕಾಲ ಚಿಕ್ಕದಿರಲಿ, ಬಿಡುವ ಕಾಲ ಅದಕ್ಕಿಂತ ಕಡಿಮೆಯಾಗದಿರಲಿ, ಆ ಬಿಡುವಿನಲ್ಲಿ ಹೃದಯ ತುಂಬಿಕೊಳ್ಳಲಿ ಎಂಬುದು ಅವರ ಸಲಹೆ.

ಹಾಗಾದರೆ ಹೃದಯಕ್ಕೆ ತೊಂದರೆ ಎಂದು ಗೊತ್ತಿದ್ದೂ ಯಾಕೆ ತಳ್ಳಿದರು? ಎಳೆಯುವ ಯಂತ್ರಗಳು ಇರಲಿಲ್ಲವೇ? ಇದ್ದವು. 1928ರಲ್ಲಿ ಬಾಸ್ಟನ್ನಿನಲ್ಲಿ ಬಂದ ಕಬ್ಬಿಣದ ಶ್ವಾಸಕೋಶ ಅಂಥದ್ದು. ತಲೆಯೊಂದನ್ನು ಬಿಟ್ಟು ಇಡೀ ಮೈಯನ್ನು ಡ್ರಮ್ಮಿನೊಳಗಿಟ್ಟು ಹೊರಗಿನಿಂದ ಎದೆಯನ್ನು ಹಿಗ್ಗಿಸುತ್ತಿತ್ತು. ಆದರೆ 1952ರ ಬೇಸಿಗೆಯಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಎದ್ದಾಗ, ಬ್ಲೆಗ್ಡಮ್ ಆಸ್ಪತ್ರೆಯಲ್ಲಿ ಅಂಥದ್ದು ಒಂದೇ ಇತ್ತು, ಎದೆಗೆ ಕಟ್ಟುವ ಚಿಕ್ಕವು ಆರು. ಮೊದಲ ವಾರಗಳಲ್ಲಿ ಈ ಯಂತ್ರಗಳ ಮೇಲಿಟ್ಟ 31 ಮಂದಿಯಲ್ಲಿ 27 ಮಂದಿ ಸತ್ತರು. ಆಗಸ್ಟ್ 27ರಂದು ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ಸಾಯುವ ಸ್ಥಿತಿಯಲ್ಲಿದ್ದ 12 ವರ್ಷದ ಹುಡುಗಿಯ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿ, ನಳಿಕೆ ಇಟ್ಟು, ರಬ್ಬರ್ ಚೀಲ ಹಿಂಡಿ ಗಾಳಿ ತಳ್ಳಿದರು. ಹುಡುಗಿ ಬದುಕಿದಳು. ಮುಂದಿನ ತಿಂಗಳುಗಳಲ್ಲಿ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆಗಳ ಪಕ್ಕ ಕೂತು ಹಗಲೂ ರಾತ್ರಿ ಚೀಲ ಹಿಂಡಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇವತ್ತಿನ ಐಸಿಯು ಹುಟ್ಟಿದ್ದು ಅಲ್ಲಿಂದ. ಆ ಹುಡುಗ ಹುಡುಗಿಯರ ಕೈಯನ್ನು ಈಗ ಟರ್ಬೈನು, ಕವಾಟಗಳು ವಹಿಸಿಕೊಂಡಿವೆ.

ಮೂರನೇ ದಿನ ಒಂದು ಘಟನೆ. ಒಬ್ಬ ನರ್ಸ್ ಟೇಪ್ ತಂದು ಮಲಗಿದ್ದ ಕಾಕಾನ ಉದ್ದವನ್ನು ತಲೆಯಿಂದ ಹಿಮ್ಮಡಿಯವರೆಗೆ ಅಳೆದರು. ಗಾಜಿನ ಆಚೆಯಿಂದ ನೋಡಿದ ಕಾಕು ಅಲ್ಲೇ ಕುಸಿದು ಕೂತರು. ನಮ್ಮ ಕಡೆ ಮಲಗಿದವರ ಉದ್ದವನ್ನು ಯಾವಾಗ ಅಳೆಯುತ್ತಾರೆ ಎಂದು ನಾನು ಹೇಳಬೇಕಿಲ್ಲ. ಅಳತೆ ಬೇಕಾಗಿದ್ದದ್ದು ಉಸಿರಿನ ಗಾತ್ರಕ್ಕೆ. ಶ್ವಾಸಕೋಶ ಎಷ್ಟು ದೊಡ್ಡದು ಎನ್ನುವುದು ಎತ್ತರದ ಮೇಲೆ ಹೋಗುತ್ತದೆ, ಹೊಟ್ಟೆಯ ಮೇಲೆ ಅಲ್ಲ. 2000ದಲ್ಲಿ ಅಮೆರಿಕದ 861 ರೋಗಿಗಳ ಮೇಲೆ ನಡೆದ ಪ್ರಯೋಗವೊಂದು, ಎತ್ತರದಿಂದ ಲೆಕ್ಕ ಹಾಕಿದ ತೂಕದ ಪ್ರತಿ ಕಿಲೋಗೆ 12 ಮಿಲಿಲೀಟರ್ ಬದಲು 6 ಮಿಲಿಲೀಟರ್ ಗಾಳಿ ಕೊಟ್ಟರೆ ಸಾವು 39.8ರಿಂದ 31 ಶೇಕಡಕ್ಕೆ ಇಳಿಯುತ್ತದೆ ಎಂದು ತೋರಿಸಿತು. ಅದಕ್ಕೂ ಮೊದಲು ದೊಡ್ಡ ಉಸಿರೇ ಒಳ್ಳೆಯ ಉಸಿರು ಎಂಬ ನಂಬಿಕೆ ಇತ್ತು.

ಸಣ್ಣ ಉಸಿರು ಶ್ವಾಸಕೋಶದ ಸಲುವಾಗಿ ಬಂದದ್ದಾದರೂ ಹೃದಯದ ಬಲಭಾಗಕ್ಕೂ ಅದರಿಂದ ಉಪಕಾರವಾಗಿದೆ. ಬಲಭಾಗ ಪಾಪದ ಜೀವಿ. ಎಡಭಾಗದ ಗೋಡೆ ಪೈಲ್ವಾನನ ತೋಳಿನಂತಿದ್ದರೆ ಇದರದು ತೆಳು. ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸುವ ಹಗುರ ಕೆಲಸಕ್ಕೆಂದೇ ಆದದ್ದು. ಶ್ವಾಸಕೋಶವನ್ನು ಅತಿಯಾಗಿ ಉಬ್ಬಿಸಿದರೆ ಗಾಳಿಗೂಡುಗಳ ಸುತ್ತಲಿನ ಕೂದಲೆಳೆಯಂಥ ರಕ್ತನಾಳಗಳು ಚಪ್ಪಟೆಯಾಗಿ, ಬಲಭಾಗ ಮುಚ್ಚಿದ ಬಾಗಿಲನ್ನು ತಳ್ಳಿದಂತಾಗುತ್ತದೆ. ಅದು ಹಿಗ್ಗುತ್ತದೆ, ನಡುಗೋಡೆಯನ್ನು ಎಡಕ್ಕೆ ಬಾಗಿಸಿ ಎಡಭಾಗದ ಜಾಗವನ್ನೂ ತಿನ್ನುತ್ತದೆ. ಹಾಗಂತ ಒತ್ತಡ ತೀರಾ ಕಡಿಮೆ ಮಾಡುವಂತೆಯೂ ಇಲ್ಲ. ಗಾಳಿಗೂಡುಗಳು ಕುಸಿದು ಮುಚ್ಚಿಕೊಂಡರೆ ಆಮ್ಲಜನಕ ಸಿಗದ ಭಾಗದ ರಕ್ತನಾಳಗಳು ಬಿಗಿಯುತ್ತವೆ, ಆಗಲೂ ಬಲಭಾಗಕ್ಕೇ ಹೊರೆ. ನಡುವೆ ಎಲ್ಲೋ ಒಂದು ಹದ ಇದೆ, ಪ್ರತಿ ರೋಗಿಗೂ ಬೇರೆ. ಆ ಡಾಕ್ಟರ್ ದಿನಕ್ಕೆ ಎರಡು ಸಲ ಎಕೋ ಯಂತ್ರ ತಂದು ಕಾಕಾನ ಎದೆಯ ಮೇಲಿಟ್ಟು ನೋಡುತ್ತಿದ್ದದ್ದು ಈ ಹದವನ್ನು. ಅಡುಗೆಮನೆಯಲ್ಲಿ ಪಾಕದ ಎಳೆ ನೋಡುವವರ ಮುಖ ಹಾಗಿರುತ್ತದೆ.

ಐದನೇ ದಿನ ಜ್ವರ ಇಳಿದಿತ್ತು, ನಾರ್‌ಅಡ್ರೆನಲಿನ್ ನಿಂತಿತ್ತು. ಯಂತ್ರ ಬಿಡಿಸಿ ನೋಡೋಣ ಅಂದರು. ಇಂಗ್ಲಿಷಿನಲ್ಲಿ ಇದಕ್ಕೆ ಬಳಸುವ ಪದ 'ವೀನಿಂಗ್', ಅಂದರೆ ಕೂಸಿಗೆ ಎದೆಹಾಲು ಬಿಡಿಸುವುದು. ಕನ್ನಡಕ್ಕೆ ಹೀಗೇ ತಂದರೆ ನಗೆಪಾಟಲಾಗುತ್ತದೆ, ಆದರೆ ಒಳಗಿನ ತಿಳಿವಳಿಕೆ ಸರಿಯಾಗಿದೆ: ಒಮ್ಮೆಲೇ ಬಿಡಿಸುವಂತಿಲ್ಲ, ಬಿಡಿಸಿದರೆ ಕೂಸು ರಚ್ಚೆ ಹಿಡಿಯುತ್ತದೆ. ಯಂತ್ರದ ತಳ್ಳುವಿಕೆ ನಿಲ್ಲಿಸಿ, ನಳಿಕೆ ಹಾಗೇ ಇಟ್ಟು, ಕಾಕಾ ತಾವೇ ಉಸಿರಾಡುವುದನ್ನು ನೋಡುತ್ತ ನಿಂತರು. ಇಪ್ಪತ್ತೈದು ನಿಮಿಷಕ್ಕೆ ಬೆವರು. ಬಿಪಿ 185. ನಳಿಕೆಯಲ್ಲಿ ನೊರೆ. ಮತ್ತೆ ಯಂತ್ರ.

ಕಾಕು ಆ ಹೊತ್ತಿಗೆ ಅಳುವುದನ್ನು ಬಿಟ್ಟಿದ್ದರು. ಲೆಕ್ಕ ಕೇಳುವ ದನಿಯಲ್ಲಿ ಕೇಳಿದರು: "ಹಚ್ಚಿದಾಗ ಬಿಪಿ ಬಿತ್ತು, ಹಾರ್ಟಿಗೆ ತ್ರಾಸು ಅಂದ್ರಿ. ಈಗ ತಗದ್ರ ಬಿಪಿ ಏರಿತು, ಈಗೂ ಹಾರ್ಟಿಗೇ ತ್ರಾಸು ಅಂತೀರಿ. ಇದು ಯಾವ ನಮೂನಿ ಮಿಷನ್ನು?"

ನಾನು ಇದುವರೆಗೆ ಓದಿದ ಯಾವ ವೈದ್ಯಕೀಯ ಪಠ್ಯವೂ ಈ ವಿಷಯವನ್ನು ಇಷ್ಟು ಚೊಕ್ಕವಾಗಿ ಹೇಳಿಲ್ಲ.

ಉತ್ತರ ಎಡಭಾಗದಲ್ಲಿದೆ. ಎದೆಯೊಳಗಿನ ಒತ್ತಡ ಹೆಚ್ಚಿದ್ದಾಗ ಬಲಭಾಗಕ್ಕೆ ರಕ್ತ ಬರುವುದು ಕಷ್ಟ, ಇದು ಒಂದು ಮುಖ. ಅದೇ ಒತ್ತಡ ಎಡಭಾಗವನ್ನು ಹೊರಗಿನಿಂದ ಅಮುಕುತ್ತಿರುತ್ತದೆ, ಅದು ರಕ್ತವನ್ನು ಹಿಂಡಿ ಹೊರಗೆ ಕಳಿಸುವ ಕೆಲಸಕ್ಕೆ ಕೈಜೋಡಿಸಿದಂತೆ. ಇನ್ನೊಂದು ಮುಖ ಇದು. ಗಟ್ಟಿ ಹೃದಯದವರಿಗೆ ಮೊದಲ ಮುಖವೇ ಎದ್ದು ಕಾಣುತ್ತದೆ. ಎಡಭಾಗ ಸೊರಗಿದವರಿಗೆ ಎರಡನೆಯದು ವರ. ನಾವಾಗಿ ಉಸಿರು ಎಳೆದುಕೊಳ್ಳುವಾಗ, ಅದೂ ಕಷ್ಟಪಟ್ಟು ಎಳೆಯುವಾಗ, ಹೃದಯದ ಸುತ್ತ ಒಂದು ಸೆಳೆತ ಉಂಟಾಗುತ್ತದೆ. ಎಡಭಾಗ ಹಿಂಡಬೇಕು ಅನ್ನುವಾಗಲೇ ಎದೆ ಅದನ್ನು ಹೊರಗೆ ಜಗ್ಗುತ್ತದೆ. ಒಂದು ಕಡೆ ಎಳೆತ ಮರಳಿದ್ದರಿಂದ ವಾಪಸ್ ಬರುವ ರಕ್ತ ಒಮ್ಮೆಲೇ ಹೆಚ್ಚಾಯಿತು, ಇನ್ನೊಂದು ಕಡೆ ಹೊರಗೆ ಕಳಿಸುವ ಹೊರೆ ಹೆಚ್ಚಾಯಿತು, ಉಸಿರಾಟದ ಸ್ನಾಯುಗಳು ತಮ್ಮ ಪಾಲಿನ ರಕ್ತ ಕೇಳತೊಡಗಿದವು. ಅಲ್ಲಿಯವರೆಗೆ ಯಂತ್ರದ ಆಸರೆಯಲ್ಲಿದ್ದ ಎಡಭಾಗಕ್ಕೆ ಮೂರನ್ನೂ ನಿಭಾಯಿಸಲು ಆಗಲಿಲ್ಲ. ರಕ್ತ ಹಿಂದೆ ಸರಿದು ಶ್ವಾಸಕೋಶದಲ್ಲಿ ನಿಂತು, ನೀರಾಗಿ ಜಿನುಗಿತು. ನೊರೆ ಅದು.

1988ರಲ್ಲಿ ಫ್ರಾನ್ಸಿನ ಲೆಮೇರ್ ಮತ್ತು ಜೊತೆಗಾರರು ಇದನ್ನೇ ಅಳೆದು ತೋರಿಸಿದ್ದರು. ಶ್ವಾಸಕೋಶದ ಹಳೆ ಕಾಯಿಲೆಯ ಜೊತೆ ಹೃದಯದ ತೊಂದರೆಯೂ ಇದ್ದ 15 ಮಂದಿ. ಯಂತ್ರ ತೆಗೆದ ಸ್ವಲ್ಪ ಹೊತ್ತಿಗೆ ಎಡಭಾಗದ ಹಿಂದೆ ಕಟ್ಟಿಕೊಂಡ ಒತ್ತಡ ಮೂರು ಪಟ್ಟಾಗಿತ್ತು. ಯಂತ್ರ ಬಿಡಿಸಲಾಗದ್ದಕ್ಕೆ ಶ್ವಾಸಕೋಶವೇ ಕಾರಣ ಎಂದುಕೊಂಡಿದ್ದವರಲ್ಲಿ ಹಲವರಿಗೆ ಕಾರಣ ಹೃದಯವಾಗಿತ್ತು, ಮೂತ್ರ ಹೆಚ್ಚಿಸುವ ಔಷಧ ಕೊಟ್ಟು ನೀರು ತೆಗೆದ ಮೇಲೆ ಅವರು ಯಂತ್ರ ಬಿಟ್ಟರು.

ಇದರ ಉಲ್ಟಾ ಉಪಯೋಗ ಇನ್ನೂ ಹಳೆಯದು. 1936ರಲ್ಲಿ ಲಂಡನ್ನಿನ ಪೌಲ್ಟನ್ ಎಂಬ ವೈದ್ಯರು, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಮುಖವಾಡದಿಂದ ಒತ್ತಿದ ಗಾಳಿ ಕೊಡುವ ಉಪಕರಣವೊಂದನ್ನು ವಿವರಿಸಿದರು. ಗಾಳಿ ಊದಲು ಅವರು ಬಳಸಿದ್ದು ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರು. ಈಗ ಅದೇ ಕೆಲಸವನ್ನು ಸಿಪ್ಯಾಪ್ ಮುಖವಾಡ ಮಾಡುತ್ತದೆ, ಅನೇಕ ಹೃದ್ರೋಗಿಗಳಿಗೆ ನಳಿಕೆ ಇಳಿಸುವ ಪ್ರಸಂಗವನ್ನೇ ತಪ್ಪಿಸುತ್ತದೆ.

ಕಾಕಾಗೆ ಮಾಡಿದ್ದೂ ಇದನ್ನೇ. ಎರಡು ದಿನ ಫ್ಯೂರೋಸೆಮೈಡ್ ಕೊಟ್ಟು ಮೂರು ಲೀಟರ್ ನೀರು ಹೊರಗೆ ತೆಗೆದರು. ಬಿಪಿ ಏರದಂತೆ ಔಷಧ ಶುರುಮಾಡಿದರು. ಎಂಟನೇ ದಿನ ನಳಿಕೆ ತೆಗೆದು, ತೆಗೆದ ಕೂಡಲೇ ಮುಖಕ್ಕೆ ಮುಖವಾಡ ಕಟ್ಟಿ, ತಳ್ಳುವಿಕೆಯನ್ನು ಪೂರ್ತಿ ನಿಲ್ಲಿಸದೆ ತಾಸು ತಾಸಿಗೆ ಇಳಿಸುತ್ತ ಬಂದರು. ಒಂಬತ್ತನೇ ದಿನ ಕಾಕಾ ಕೇಳಿದ ಮೊದಲ ಮಾತು "ನೀರ ಕೊಡ್ರಿ." ಎರಡು ಚಮಚ ಕೊಟ್ಟರು.

ಹಚ್ಚಿದಾಗ ಹೃದಯಕ್ಕೆ ನೀರು ಸಾಲದು, ತೆಗೆದಾಗ ನೀರು ಹೆಚ್ಚು; ಕಾಕುಗೆ ಕೊನೆಗೆ ಹಿಡಿಸಿದ ವಿವರಣೆ ಅದು. ಹೊಲದಲ್ಲಿ ಬೆಳೆದವರು, ನೀರಿನ ಲೆಕ್ಕ ಅವರಿಗೆ ಹೇಳಿಕೊಡಬೇಕಿರಲಿಲ್ಲ.

ಕಳೆದ ವರ್ಷ ಆಸ್ಪತ್ರೆಗಳ ಒಂದು ಸಮೂಹದ ಪರವಾಗಿ ನನಗೆ ಕೆಲಸವೊಂದು ಬಂತು: ಐಸಿಯು ರೋಗಿಗಳ ಮನೆಯವರಿಗಾಗಿ ನಾಲ್ಕು ಪುಟದ ಮಾಹಿತಿ, ಇಂಗ್ಲಿಷಿನಿಂದ ಕನ್ನಡಕ್ಕೆ. ಪಾರ್ಕಿಂಗ್ ಎಲ್ಲಿ, ಭೇಟಿಯ ಸಮಯ ಯಾವಾಗ ಎಂಬುದಕ್ಕೆ ಒಂದು ಪುಟ. ವೆಂಟಿಲೇಟರಿಗೆ ಒಂದು ವಾಕ್ಯ: ಅದು ರೋಗಿಗೆ ಉಸಿರಾಡಲು ನೆರವಾಗುತ್ತದೆ. ಹೃದಯ ಎಂಬ ಪದ ಆ ಪುಟದಲ್ಲಿ ಎಲ್ಲೂ ಇಲ್ಲ. ನಾನು ಅನುವಾದದ ಜೊತೆ ಒಂದು ಟಿಪ್ಪಣಿ ಕಳಿಸಿದೆ, ಮೂಲದಲ್ಲೇ ಸೇರಿಸಬಹುದಾದ ನಾಲ್ಕು ಸಾಲನ್ನೂ ಬರೆದು ಕೊಟ್ಟೆ:

"ಯಂತ್ರ ಹಚ್ಚಿದ ಮೊದಲ ಗಂಟೆಯಲ್ಲಿ ಬಿಪಿ ಇಳಿಯಬಹುದು. ಯಂತ್ರ ಗಾಳಿಯನ್ನು ಒಳಗೆ ತಳ್ಳುವುದರಿಂದ ಹೃದಯಕ್ಕೆ ಬರುವ ರಕ್ತ ಸ್ವಲ್ಪ ಕಡಿಮೆಯಾಗುತ್ತದೆ. ಇದು ವೈದ್ಯರಿಗೆ ಗೊತ್ತಿರುವ ಸಂಗತಿ, ಅದಕ್ಕಾಗಿ ಸಲೈನ್ ಅಥವಾ ಔಷಧ ಸಿದ್ಧ ಇಟ್ಟುಕೊಂಡಿರುತ್ತಾರೆ. ನಿಮ್ಮ ಒಪ್ಪಿಗೆಯಿಂದ ಕೆಡುಕಾಯಿತು ಎಂದು ತಿಳಿಯಬೇಡಿ."

ಉತ್ತರ ಮರುದಿನವೇ ಬಂತು: ಮೂಲದಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ, ಮತ್ತು ಇದರಿಂದ ಜನ ಹೆದರುತ್ತಾರೆ. ಮೊದಲನೆಯದು ನ್ಯಾಯವಾದ ಮಾತು, ನನ್ನ ಕಸುಬಿನ ನಿಯಮವೇ ಅದು. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಜನ ಆಗಲೇ ಹೆದರಿದ್ದಾರೆ. ಪರದೆ ಅವರ ಕಣ್ಣೆದುರಿಗೇ ಇದೆ, 130 ಯಾವುದು 82 ಯಾವುದು ಎಂದು ಓದಲು ವೈದ್ಯರಾಗಬೇಕಿಲ್ಲ. ಕಾರಣವನ್ನು ನಾವು ಹೇಳದಿದ್ದರೆ ಅವರೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ. ಆ ಕಾರಣದಲ್ಲಿ ಯಂತ್ರ ಕೊಲೆಗಾರ, ಡಾಕ್ಟರ್ ಕಳ್ಳ, ಸಹಿ ಹಾಕಿದ ಕೈ ಪಾಪಿ. ಕಾಕು ಎರಡು ದಿನ ಬಲಗೈಯಿಂದ ಊಟ ಮಾಡಿರಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಡಬ್ಬದ ಚಿತ್ರವಿದ್ದ ಆ ಲ್ಯಾಬ್ ರಿಪೋರ್ಟ್ ಈಗಲೂ ಅವರ ದೇವರ ಕಪಾಟಿನಲ್ಲಿದೆ, ಮಡಿಸಿಟ್ಟದ್ದು.

ಕಾಕಾ ಈಗ ಮನೆಯಲ್ಲಿದ್ದಾರೆ. ಉಪ್ಪು ಕಡಿಮೆ, ದಿನಕ್ಕೆ ಒಂದೂವರೆ ಲೀಟರ್ ನೀರು, ಬೆಳಿಗ್ಗೆ ಎದ್ದು ತೂಕ ನೋಡಿಕೊಳ್ಳುವ ಕಿರಿಕಿರಿ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾರೆ.

ಹೋದ ತಿಂಗಳು ಗದಗದಿಂದ ಕಾಕುವಿನ ತಂಗಿ ಫೋನ್ ಮಾಡಿದ್ದರು. ಅವರ ಗಂಡನಿಗೆ ಮೊದಲಿನಿಂದಲೂ ದಮ್ಮು, ಈಗ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಬೇಕು ಎನ್ನುತ್ತಿದ್ದಾರೆ, ಸಹಿ ಹಾಕಲೋ ಬೇಡವೋ ಅಂತ. ಕಾಕು ಜಗ್ಗೂದು ನೂಕೂದು ಎಲ್ಲ ಹೇಳಿ, ಆಮೇಲೆ ನನಗೆ ಫೋನ್ ಮಾಡಿದರು, ತಾನು ಹೇಳಿದ್ದು ದಮ್ಮಿನವರಿಗೂ ಸರಿಯೇ ಎಂದು ಖಾತ್ರಿ ಮಾಡಿಕೊಳ್ಳಲು. ಅರ್ಧ ಸರಿ ಅಂದೆ. ದಮ್ಮಿನವರಲ್ಲಿ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದು ಕಷ್ಟ. ಹೋದ ಉಸಿರು ಪೂರ್ತಿ ಬರುವ ಮೊದಲೇ ಯಂತ್ರ ಇನ್ನೊಂದನ್ನು ತಳ್ಳಿದರೆ ಒಳಗೆ ಉಸಿರಿನ ಮೇಲೆ ಉಸಿರು ಪೇರುತ್ತದೆ, ಎದೆಯ ಒತ್ತಡ ಏರುತ್ತಲೇ ಹೋಗಿ ಬಿಪಿ ಬೀಳುತ್ತದೆ. ಅದಕ್ಕೇ ಅವರಿಗೆ ನಿಮಿಷಕ್ಕೆ ಕಡಿಮೆ ಉಸಿರು ಕೊಟ್ಟು, ಬಿಡಲು ಹೆಚ್ಚು ಹೊತ್ತು ಕೊಡುತ್ತಾರೆ. ಬಿಪಿ ತೀರಾ ಕುಸಿದರೆ ಡಾಕ್ಟರು ಯಂತ್ರದ ಪೈಪನ್ನು ಕೆಲವು ಸೆಕೆಂಡ್ ಕಳಚಿ ಹಿಡಿಯುವುದೂ ಉಂಟು, ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಲಿ ಎಂದು. ನೋಡಿದವರಿಗೆ ಉಸಿರನ್ನೇ ಕಿತ್ತ ಹಾಗೆ ಕಾಣಬಹುದು.

ಕಾಕು ಅಷ್ಟನ್ನೂ ಕೇಳಿಕೊಂಡು, ಪೈಪ್ ಕಳಚುವ ಮಾತನ್ನು ಎರಡು ಸಲ ಹೇಳಿಸಿ, ತಂಗಿಗೆ ಮತ್ತೆ ಫೋನ್ ಮಾಡುತ್ತೇನೆಂದು ಇಟ್ಟರು. ಎರಡೇ ನಿಮಿಷಕ್ಕೆ ನನಗೇ ತಿರುಗಿ ಬಂತು. "ನನ್ನ ಫೋನಿನ್ಯಾಗ ಚಾರ್ಜ್ ಮುಗ್ಯಾಕ ಬಂದೈತಿ ತಂಗಿ, ನೀನ ಆಕಿಗೆ ಒಂದು ಮೆಸೇಜ್ ಹಾಕು. ಟೇಪ್ ತಂದು ಅಳದ್ರ ಅಂಜಬ್ಯಾಡ ಅಂತ ಬರಿ. ಅದು ಎತ್ತರ ನೋಡಾಕ ಅಂತ ಬರಿ."